ಹಿಮಸಾರಂಗದ ಕೊಂಬಿನ ಹಿಡಿ, ಚರ್ಮದ ಒರೆ: ಕೈಯಲ್ಲೇ ಒಂದು ಚಾಕು ಮಾಡೋದು ಹೇಗೆ?

ಇವತ್ತಿನ ಸಂಚಿಕೆಯಲ್ಲಿ ಒಂದು ಚಾಕುವಿನ ವಿಚಾರ ಮಾತಾಡೋಣ. ಅಂಗೈಗಿಂತ ಸ್ವಲ್ಪ ಉದ್ದದ ಚಾಕು. ಅಲಗು ಉಕ್ಕಿನದು, ಹಿಡಿ ಹಿಮಸಾರಂಗದ ಕೊಂಬಿನದು, ಒರೆ ದನದ ಚರ್ಮದ್ದು. ಇದನ್ನು ಮನೆಯ ಮೇಜಿನ ಮೇಲೆ, ಕೈ ಉಪಕರಣಗಳಲ್ಲೇ ಮಾಡಬಹುದು. ಅದು ಹೇಗೆ ಅನ್ನೋದನ್ನು ಹೇಳ್ತೀನಿ. ಜೊತೆಗೆ ಇಂಥ ಚಾಕುವನ್ನು ಕರ್ನಾಟಕದಲ್ಲಿ ಯಾಕೆ ಮಾಡೋಕಾಗಲ್ಲ, ಮಾಡಬಾರದು ಅನ್ನೋದನ್ನೂ ಹೇಳ್ತೀನಿ.

ನಾನಿರುವುದು ಸ್ವೀಡನ್ನಿನ ಉತ್ತರದ ಲೂಲಿಯೋ ಎಂಬ ಊರಿನಲ್ಲಿ. ಆರ್ಕ್ಟಿಕ್ ವೃತ್ತಕ್ಕೆ ಇಲ್ಲಿಂದ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಡಿಸೆಂಬರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆಲ್ಲ ಕತ್ತಲು. ಅಷ್ಟು ಉದ್ದದ ಸಂಜೆಯನ್ನು ಕಳೆಯೋಕೆ ಇಲ್ಲಿಯ ಜನ ಕೈಕೆಲಸಕ್ಕೆ ಕೂರ್ತಾರೆ. ಅದಕ್ಕೆ 'ಸ್ಲೋಯ್ಡ್' ಅಂತ ಹೆಸರು. ಮರಗೆಲಸ, ಲೋಹ, ಹೊಲಿಗೆ, ಎಲ್ಲ ಅದರಲ್ಲೇ ಬರುತ್ತೆ. ಶಾಲೆಯಲ್ಲಿ ಗಣಿತದ ಹಾಗೆ ಅದೂ ಕಡ್ಡಾಯ ವಿಷಯ. ನಾನು ಕಲಿತದ್ದು ದೊಡ್ಡವರಿಗಾಗಿ ನಡೆಯುವ ಸಂಜೆ ತರಗತಿಯೊಂದರಲ್ಲಿ.

ಮೊದಲು ಕೊಂಬಿನ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಭಾಷೆ ಸ್ವಲ್ಪ ಕೈಕೊಡುತ್ತೆ. ಎಮ್ಮೆಯದೂ ಕೊಂಬು, ಜಿಂಕೆಯದೂ ಕೊಂಬು ಅಂತೀವಿ. ವಸ್ತುವಾಗಿ ನೋಡಿದರೆ ಎರಡಕ್ಕೂ ಸಂಬಂಧವೇ ಇಲ್ಲ. ಎಮ್ಮೆ, ಹಸು, ಆಡಿನ ಕೊಂಬು ನಮ್ಮ ಉಗುರಿನ ಜಾತಿಯದ್ದು, ಕೆರಟಿನ್. ಒಳಗೆ ಮೂಳೆಯ ತಿರುಳು, ಅದರ ಮೇಲೆ ಟೊಪ್ಪಿ ಹಾಕಿದ ಹಾಗೆ ಈ ಪದರ. ಜೀವನಪೂರ್ತಿ ಬೆಳೆಯುತ್ತೆ, ಉದುರಲ್ಲ. ಜಿಂಕೆ ಜಾತಿಯ ಕವಲುಕೊಂಬು ಹಾಗಲ್ಲ, ಅದು ಅಪ್ಪಟ ಮೂಳೆ. ಪ್ರತಿ ವರ್ಷ ಉದುರುತ್ತೆ, ಪ್ರತಿ ವರ್ಷ ಹೊಸದು ಹುಟ್ಟುತ್ತೆ. ಬೆಳೆಯುವಾಗ ಮೇಲೆ ಮಖಮಲ್ಲಿನಂಥ ಚರ್ಮ, ಅದರೊಳಗೆ ರಕ್ತನಾಳ. ಬೆಳವಣಿಗೆ ಮುಗಿದ ಮೇಲೆ ಆ ಚರ್ಮ ಒಣಗಿ ಸುಲಿಯುತ್ತೆ, ಪ್ರಾಣಿಯೇ ಗಿಡಮರಕ್ಕೆ ಉಜ್ಜಿ ಅದನ್ನು ಕಳಚಿಕೊಳ್ಳುತ್ತೆ.

ಹಿಮಸಾರಂಗದ್ದು ಇನ್ನೊಂದು ವಿಶೇಷ. ಜಿಂಕೆ ಕುಲದಲ್ಲಿ ಹೆಣ್ಣಿಗೂ ಕೊಂಬು ಬರುವುದು ಇದೊಂದಕ್ಕೇ. ದೊಡ್ಡ ಗಂಡುಗಳು ಬೆದೆಯ ಕಾಲ ಮುಗಿದ ಮೇಲೆ, ಚಳಿಗಾಲದ ಶುರುವಿಗೇ ಕೊಂಬು ಕಳೆದುಕೊಳ್ಳುತ್ತವೆ. ಗಬ್ಬದ ಹೆಣ್ಣುಗಳು ವಸಂತದಲ್ಲಿ ಕರು ಹಾಕುವವರೆಗೂ ಉಳಿಸಿಕೊಳ್ಳುತ್ತವೆ. ಹಿಮ ಕೆದಕಿ ತೆಗೆದ ಕಲ್ಲುಹೂವಿನ ಜಾಗವನ್ನು ಕಾಯೋಕೆ ಅದು ಬೇಕು. ಹಾಗೆ ನೋಡಿದರೆ ಕ್ರಿಸ್‌ಮಸ್ ಕಾರ್ಡಿನಲ್ಲಿ ಕೊಂಬು ಹೊತ್ತು ಗಾಡಿ ಎಳೆಯುವ ಹಿಮಸಾರಂಗಗಳಲ್ಲಿ ಹೆಚ್ಚಿನವು ಹೆಣ್ಣೇ ಇರಬೇಕು!

ಇನ್ನು ಕಾನೂನು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡಿನಲ್ಲಿ ತಾನಾಗಿ ಉದುರಿ ಬಿದ್ದ ಜಿಂಕೆ ಅಥವಾ ಕಡವೆ ಕೊಂಬನ್ನೂ ಎತ್ತಿಕೊಂಡು ಬರುವ ಹಾಗಿಲ್ಲ. ಮಾರುವುದು ದೂರದ ಮಾತು. 'ಬಿದ್ದದ್ದು ತಾನೇ, ಯಾರಿಗೇನು ನಷ್ಟ' ಅಂತ ಅನ್ನಿಸಬಹುದು. ಆದರೆ ಮಾರುಕಟ್ಟೆಗೆ ಬಂದ ಮೇಲೆ ಬಿದ್ದ ಕೊಂಬು ಯಾವುದು, ಕೊಂದು ತೆಗೆದ ಕೊಂಬು ಯಾವುದು ಅಂತ ಹೇಗೆ ಹೇಳ್ತೀರಿ? ಬುಡ ಕತ್ತರಿಸಿ ಹಿಡಿ ಮಾಡಿಬಿಟ್ಟರೆ ಮುಗೀತು, ಗುರುತೇ ಇರಲ್ಲ. ನಿಷೇಧಕ್ಕೆ ಅರ್ಥ ಇದೆ ಅನ್ನುವವನು ನಾನು. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪೆಂಡೆಂಟ್ ಪ್ರಕರಣ ಸುದ್ದಿಯಾದದ್ದು ನಿಮಗೆ ನೆನಪಿರಬೇಕು. ಆಮೇಲೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಪಡಸಾಲೆ ಗೋಡೆಯಲ್ಲಿದ್ದ ಕೊಂಬಿನ ಕಡೆ ಜನ ಮೊದಲ ಸಲ ಗಾಬರಿಯಿಂದ ನೋಡಿದರು. ಅಂಥ ವಸ್ತುಗಳನ್ನು ಒಪ್ಪಿಸಲು 2024ರಲ್ಲಿ ರಾಜ್ಯ ಸರ್ಕಾರ ಒಂದು ಸಲದ ಅವಕಾಶವನ್ನೂ ಕೊಟ್ಟಿತು. ನಮ್ಮ ಮನೆಯ ಗೋಡೆಯಲ್ಲೂ ಈಗ ಎರಡು ಮೊಳೆ ಮಾತ್ರ ಇವೆ.

ಸ್ವೀಡನ್ನಿನ ಲೆಕ್ಕ ಬೇರೆ. ಇಲ್ಲಿ ಹಿಮಸಾರಂಗ ಅಂದ್ರೆ ಸಾಕುಪ್ರಾಣಿ. ಬೆಟ್ಟದಲ್ಲಿ ಒಂಟಿಯಾಗಿ ಮೇಯುತ್ತಿದ್ದರೂ ಅದಕ್ಕೊಬ್ಬ ಒಡೆಯ ಇರ್ತಾನೆ, ಕಿವಿಯಲ್ಲಿ ಕತ್ತರಿಸಿದ ಗುರುತು ಇರುತ್ತೆ. ಸಾಕುವ ಹಕ್ಕು ಸಾಮಿ ಜನಾಂಗದ್ದು. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾದ ಕೋಲಾ ಪ್ರದೇಶ, ಈ ನಾಲ್ಕರಲ್ಲೂ ಹರಡಿಕೊಂಡಿರುವ ಮೂಲನಿವಾಸಿಗಳು ಅವರು. ಮಾಂಸ, ಚರ್ಮ, ನರ, ಕೊಂಬು, ಏನನ್ನೂ ಎಸೆಯದ ಬದುಕು. ಅವರ ಕರಕುಶಲ ಕಲೆಗೆ 'ದುಯೊಜಿ' ಅಂತಾರೆ. ಚಾಕು ಅದರ ಎದೆ ಇದ್ದ ಹಾಗೆ. ಅವರಲ್ಲಿ ದೊಡ್ಡ ಚಾಕು ಬೇರೆ, ಸಣ್ಣದು ಬೇರೆ. ದೊಡ್ಡದರಲ್ಲಿ ಕೊಂಬೆ ಕಡಿಯುವುದು, ಮೂಳೆ ಒಡೆಯುವುದು. ನಮ್ಮ ಕತ್ತಿಯ ಕೆಲಸ ಅನ್ನಿ, ಹಿಡಿ ಸಾಮಾನ್ಯವಾಗಿ ಬರ್ಚ್ ಮರದ್ದು. ಸಣ್ಣದಕ್ಕೆ ಕೊಂಬಿನ ಹಿಡಿ, ಕೆಲವು ಸಲ ಒರೆಗೂ ಕೊಂಬು.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ. ನಾನು ಮಾಡುವುದು ಸಾಮಿ ಚಾಕು ಅಲ್ಲ. ಅವರ ಕೆತ್ತನೆಯ ವಿನ್ಯಾಸಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ದಕ್ಷಿಣದ ಕಡೆ ಜ್ಯಾಮಿತಿಯ ಗೆರೆಗಳು ಹೆಚ್ಚು, ಉತ್ತರಕ್ಕೆ ಹೋದಂತೆ ಹೂಬಳ್ಳಿ, ಪ್ರಾಣಿಗಳ ಚಿತ್ರ. ನೋಡಿದವರು ಇದು ಯಾವ ಕಡೆಯದ್ದು ಅಂತ ಹೇಳಿಬಿಡ್ತಾರೆ. ಅಂಗಡಿಗಳಲ್ಲಿ ನಕಲಿ ಮಾಲು ತುಂಬಿದ್ದರಿಂದ ಅಸಲಿ ಸಾಮಿ ಕೆಲಸಕ್ಕೆ ಅವರದೇ ಮುದ್ರೆಯೂ ಇದೆ. ಹಾಗಾಗಿ ವಿಧಾನ ಕಲಿತಿದ್ದೀನಿ, ವಿನ್ಯಾಸವನ್ನು ಮುಟ್ಟಲ್ಲ. ನನ್ನ ಹಿಡಿಯ ಮೇಲೆ ಒಂದು ಎಳೆ ಗೆರೆ, ಅಷ್ಟೇ.

ಕೊಂಬು ತರೋದು ಜೋಕ್‌ಮೋಕ್ ಸಂತೆಯಿಂದ. ಲೂಲಿಯೋದಿಂದ ಸುಮಾರು 170 ಕಿಲೋಮೀಟರ್, ಆರ್ಕ್ಟಿಕ್ ವೃತ್ತದ ಅಂಚಿನಲ್ಲೇ ಇರುವ ಸಣ್ಣ ಊರು. 1605ರಿಂದ ಅಲ್ಲಿ ಫೆಬ್ರವರಿ ಸಂತೆ ನಡೀತಾ ಬಂದಿದೆ. ತೆರಿಗೆ ವಸೂಲಿಗೆ ಅನುಕೂಲ ಅಂತ ರಾಜ ಶುರು ಮಾಡಿಸಿದ್ದು. ಮೈನಸ್ ಮೂವತ್ತರ ಚಳಿಯಲ್ಲೂ ಜನ ಸೇರ್ತಾರೆ. ನಾನು ಕೊಂಬು ಕೊಳ್ಳುವುದು ಹಿಂಡು ಸಾಕುವ ಒಬ್ಬ ಹೆಂಗಸಿನ ಹತ್ತಿರ. ಕಳೆದ ಸಲ ಅವರ ಮುಂದೆ ರಾಶಿ ಚಿಕ್ಕದಿತ್ತು. ಮಾತು ಕೊಂಬಿನಿಂದ ಮಳೆಗೆ ಹೋಯಿತು. ಚಳಿಗಾಲದ ನಡುವೆ ಈಗೀಗ ಮಳೆ ಬರುತ್ತೆ. ಆ ನೀರು ಹಿಮದ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟುತ್ತೆ. ಹಿಮವನ್ನಾದರೆ ಪ್ರಾಣಿ ಗೊರಸಿನಿಂದ ಕೆದಕುತ್ತೆ, ಮಂಜುಗಡ್ಡೆಯನ್ನು ಕೆದಕೋಕಾಗಲ್ಲ. ಕೆಳಗೆ ಮೇವು ಇದ್ದರೂ ಹಸಿವು. ಆಗ ದುಡ್ಡು ಕೊಟ್ಟು ಹಿಂಡಿ ತಂದು ಹಾಕಬೇಕು. ಇದರ ಮೇಲೆ ಜೋಕ್‌ಮೋಕ್ ಹತ್ತಿರದ ಗಾಲ್ಲೋಕ್‌ನಲ್ಲಿ ಕಬ್ಬಿಣದ ಗಣಿಗೆ 2022ರ ಮಾರ್ಚಿನಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿದೆ, ಸಾಮಿಗಳ ವಿರೋಧದ ನಡುವೆ. ಹಿಂಡು ಹೋಗುವ ದಾರಿಯಲ್ಲಿ ಗಣಿ ಬಂದರೆ ಹಿಂಡು ಎಲ್ಲಿಗೆ ಹೋಗಬೇಕು? ಬಳ್ಳಾರಿ, ಸಂಡೂರು ನೋಡಿದ ನಮಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಕೈಗೆ ಬರುವ ಒಂದು ಗೇಣು ಕೊಂಬಿನ ಹಿಂದೆ ಇಷ್ಟೆಲ್ಲ ಇದೆ.

ಸರಿ, ಕೆಲಸಕ್ಕೆ ಬರೋಣ.

ಅಲಗನ್ನು ನಾನು ಕುಲುಮೆಯಲ್ಲಿ ಬಡಿಯಲ್ಲ, ಸಿದ್ಧ ಅಲಗು ತರ್ತೀನಿ. ಸ್ವೀಡನ್ನಿನ ಮೊರಾ ಎಂಬ ಊರು ಚಾಕುವಿಗೆ ಹೆಸರುವಾಸಿ. ಅಲ್ಲಿನ ಹಳೆಯ ಬಗೆಯ ಅಲಗು ಮೂರು ಪದರದ್ದು. ನಡುವೆ ಗಟ್ಟಿ ಇಂಗಾಲದ ಉಕ್ಕು, ಎರಡೂ ಬದಿಗೆ ಮೆತ್ತನೆ ಕಬ್ಬಿಣ. ಅಂಚು ಚೂಪಾಗಿ ಉಳಿಯುತ್ತೆ, ಅಲಗು ಮುರಿಯಲ್ಲ. ನಮ್ಮೂರ ಕಮ್ಮಾರರು ಕತ್ತಿಯ ಬಾಯಿಗೆ ಮಾತ್ರ ಉಕ್ಕು ಕೂಡಿಸಿ ಮೈಗೆ ಕಬ್ಬಿಣ ಬಿಡ್ತಾರಲ್ಲ, ಅದೇ ಬುದ್ಧಿ. ನಾನು ಬಳಸುವ ಅಲಗು 9 ಸೆಂಟಿಮೀಟರ್ ಉದ್ದ, ಬೆನ್ನು 3 ಮಿಲಿಮೀಟರ್ ದಪ್ಪ. ಹಿಂದೆ ಹಿಡಿಯೊಳಗೆ ಹೋಗುವ ಕಡ್ಡಿಯಂಥ ಬಾಲ ಇರುತ್ತೆ. ಅದನ್ನು ಗಟ್ಟಿ ಹದ ಮಾಡಿರಲ್ಲ. ಕೊನೆಗೆ ಅದರ ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಬೇಕಲ್ಲ, ಅದಕ್ಕೆ. ಕೆಲಸ ಶುರುವಾಗುವ ಮೊದಲು ಅಲಗಿಗೆ ದಪ್ಪ ಟೇಪು ಸುತ್ತಿಬಿಡಿ. ಇಲ್ಲಿ ಬೆರಳು ಕೊಯ್ದುಕೊಳ್ಳುವವರಲ್ಲಿ ಹೆಚ್ಚಿನವರು ಚಾಕು ಬಳಸುವಾಗ ಕೊಯ್ದುಕೊಂಡವರಲ್ಲ, ಹಿಡಿ ಮಾಡುವಾಗ ಕೊಯ್ದುಕೊಂಡವರು ಅಂತ ನಮ್ಮ ಮೇಷ್ಟ್ರು ನಗ್ತಾ ಇದ್ದರು.

ಕೊಂಬನ್ನು ಅಡ್ಡ ಕೊಯ್ದು ನೋಡಿದರೆ ಎರಡು ಭಾಗ ಕಾಣುತ್ತೆ. ಹೊರಗೆ ದಂತದಂಥ ಗಟ್ಟಿ ಪದರ, ಒಳಗೆ ಬನ್ನಿನ ಹಾಗೆ ರಂಧ್ರ ರಂಧ್ರದ ತಿರುಳು. ಕೊಂಬಿನ ಬುಡದ ಕಡೆ ಗಟ್ಟಿ ಪದರ ದಪ್ಪ, ತುದಿಯ ಕಡೆ ತೆಳು. ಗಂಡಿನ ಕೊಂಬಿನ ಬುಡದ ಹತ್ತಿರದ ತುಂಡೇ ಹಿಡಿಗೆ ಶ್ರೇಷ್ಠ. ಕನಿಷ್ಠ ಒಂದು ವರ್ಷ ನೆರಳಲ್ಲಿ ಒಣಗಿರಬೇಕು, ಇಲ್ಲದಿದ್ದರೆ ಹಿಡಿಯಾದ ಮೇಲೆ ಕುಗ್ಗಿ ಸೀಳುತ್ತೆ. ಹ್ಯಾಕ್ಸಾದಲ್ಲಿ ಕೊಯ್ಯಬಹುದು. ಕೊಯ್ಯುವಾಗ ಬರುವ ವಾಸನೆ ಹಲ್ಲಿನ ಡಾಕ್ಟರ ಹತ್ತಿರ ಹಲ್ಲು ಕೊರೆಯುವಾಗ ಬರುತ್ತಲ್ಲ, ಥೇಟ್ ಅದೇ. ಎರಡರಲ್ಲೂ ಇರುವ ಪ್ರೋಟೀನ್ ಒಂದೇ ಜಾತಿಯದ್ದು, ಅದಕ್ಕೇ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಮಾಸ್ಕ್ ಹಾಕಿಕೊಳ್ಳಲೇಬೇಕು. ಸಾಧ್ಯವಾದರೆ ನೀರು ಹಾಕಿಕೊಂಡು ಉಜ್ಜಿ, ಧೂಳು ಏಳೋದೇ ಇಲ್ಲ.

ಪೂರ್ತಿ ಹಿಡಿಯನ್ನು ಕೊಂಬಿನಲ್ಲೇ ಮಾಡಬಹುದು. ನನಗೆ ಇಷ್ಟವಾದದ್ದು ಮಿಶ್ರ ಹಿಡಿ. ಅಲಗಿನ ಕಡೆ ಒಂದು ಬೆರಳು ಅಗಲ ಕೊಂಬು, ನಡುವೆ ಬರ್ಚ್ ಮರ, ಕೊನೆಗೆ ಮತ್ತೆ ಕೊಂಬು. ಎರಡರ ನಡುವೆ ತೆಳು ಚರ್ಮದ ಬಿಲ್ಲೆ. ಇದು ಅಲಂಕಾರಕ್ಕೆ ಅಂದುಕೊಳ್ಳಬೇಡಿ. ಮರ ತೇವಕ್ಕೆ ಹಿಗ್ಗುತ್ತೆ, ಕೊಂಬು ಅಷ್ಟು ಹಿಗ್ಗಲ್ಲ. ನಡುವಿನ ಚರ್ಮ ಆ ಜಗಳವನ್ನು ತಡೆದುಕೊಂಡು ಸಂದು ಬಿಡದ ಹಾಗೆ ನೋಡಿಕೊಳ್ಳುತ್ತೆ.

ರಂಧ್ರ ಕೊರೆಯುವುದು ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಘಟ್ಟ. ಬಾಲ ಚಪ್ಪಟೆ, ಡ್ರಿಲ್ ಮಾಡುವ ರಂಧ್ರ ದುಂಡು. ಹಾಗಾಗಿ 4 ಮಿಲಿಮೀಟರಿನ ಎರಡು ಮೂರು ರಂಧ್ರ ಸಾಲಾಗಿ ಕೊರೆದು, ನಡುವಿನ ಗೋಡೆಯನ್ನು ಸಣ್ಣ ಅರದಿಂದ ತೆಗೆದು ಒಂದೇ ಸೀಳು ಮಾಡಬೇಕು. ಬಾಲ ಬಿಗಿಯಾಗಿ ಕೂರಬೇಕು, ಆದರೆ ಹೊಡೆದು ತುರುಕಬಾರದು. ಹೊಡೆದರೆ ಕೊಂಬು ಉದ್ದಕ್ಕೆ ಸೀಳುತ್ತೆ. ಹಳೆಯ ಕಾಲದಲ್ಲಿ ಕೊಂಬನ್ನು ನೀರಿನಲ್ಲಿ ಕುದಿಸಿ, ತಿರುಳು ಮೆತ್ತಗಿರುವಾಗಲೇ ಬಾಲವನ್ನು ಒತ್ತಿ ಕೂರಿಸುತ್ತಿದ್ದರು. ಒಣಗಿದಾಗ ಕೊಂಬೇ ಅದನ್ನು ಕಚ್ಚಿ ಹಿಡಿಯುತ್ತಿತ್ತು. ನಾನು ಎಪಾಕ್ಸಿ ಅಂಟು ಬಳಸ್ತೀನಿ. ರಂಧ್ರದ ತುಂಬ ಅಂಟು ಸುರಿದು, ಎಲ್ಲ ತುಂಡುಗಳನ್ನು ಬಾಲಕ್ಕೆ ಪೋಣಿಸಿ, ಕ್ಲ್ಯಾಂಪಿನಲ್ಲಿ ಬಿಗಿದು, ಒಂದು ದಿನ ಹಾಗೇ ಬಿಡಬೇಕು. ಹಿಂಬದಿಯಿಂದ ಹೊರಬಂದ ಬಾಲದ ತುದಿಗೆ ಹಿತ್ತಾಳೆಯ ಸಣ್ಣ ಬಿಲ್ಲೆ ಹಾಕಿ, ಸುತ್ತಿಗೆಯಿಂದ ಮೆಲ್ಲಗೆ, ತಿರುಗಿಸಿ ತಿರುಗಿಸಿ ಬಡಿಯಿರಿ. ಮೊಳೆಯ ತಲೆಯ ಹಾಗೆ ಅರಳುತ್ತೆ. ಮುಂದೆ ಯಾವತ್ತೋ ಅಂಟು ಸೋತರೂ ಅಲಗು ಕಳಚಿಕೊಂಡು ಬರಲ್ಲ.

ಆಮೇಲೆ ಆಕಾರ. ಒರಟು ಅರದಿಂದ ಶುರು ಮಾಡಿ, 80, 120, 240, 400, 600ರ ಸ್ಯಾಂಡ್‌ಪೇಪರ್ ವರೆಗೆ. ಅಡ್ಡಕೊಯ್ತ ದುಂಡಗಿರಬಾರದು, ಮೊಟ್ಟೆಯ ಹಾಗಿರಬೇಕು. ದುಂಡಾದರೆ ಕೈಯಲ್ಲಿ ತಿರುಗುತ್ತೆ. ಮೊಟ್ಟೆ ಆಕಾರವಿದ್ದರೆ ಕತ್ತಲಲ್ಲೂ, ಗ್ಲೌಸ್ ಹಾಕಿದ್ದರೂ, ಅಂಚು ಯಾವ ಕಡೆ ಇದೆ ಅಂತ ಅಂಗೈಗೇ ಗೊತ್ತಾಗುತ್ತೆ. ಇದಕ್ಕೆ ಅಳತೆ ಪಟ್ಟಿ ಬೇಡ. ಕಣ್ಣು ಮುಚ್ಚಿ ಹಿಡಿದು ನೋಡಿ, ಎಲ್ಲಿ ಚುಚ್ಚುತ್ತೋ ಅಲ್ಲಿ ಉಜ್ಜಿ. ಎಲ್ಲೋ ಒಂದು ಕಡೆ ತಿರುಳಿನ ರಂಧ್ರಗಳು ಹೊರಗೆ ಕಾಣಿಸಿದರೆ ತೆಳು ಅಂಟು ಕುಡಿಸಿ ಮುಚ್ಚಿ. ಗೆರೆ ಕೊರೆಯುವ ಆಸೆ ಇದ್ದರೆ ಚೂಪು ತುದಿಯಿಂದ ಕೂದಲೆಳೆಯಷ್ಟು ಗೀರಿ. ಗೀರಿದ್ದು ಬಿಳಿ ಮೇಲೆ ಬಿಳಿ, ಕಾಣಲ್ಲ. ಅದಕ್ಕೆ ಬಣ್ಣ ತುಂಬಬೇಕು. ಸಾಮಿಗಳು ಆಲ್ಡರ್ ಮರದ ತೊಗಟೆಯಿಂದ ಕೆಂಪು-ಕಂದು ಬಣ್ಣ ತೆಗೀತಾರೆ. ಹಿಂದೆ ತೊಗಟೆಯನ್ನು ಬಾಯಲ್ಲಿ ಅಗಿದು ಆ ರಸವನ್ನೇ ಹಚ್ಚುತ್ತಿದ್ದರಂತೆ. ಎಲೆ ಅಡಿಕೆ ನಾಡಿನವರಿಗೆ ಇದೇನು ಆಶ್ಚರ್ಯ ಅಲ್ಲ ಬಿಡಿ.

ಈಗ ಒರೆ. ಜನ ಹಿಡಿಗೆ ತಿಂಗಳು ಕಳೆದು ಒರೆಯನ್ನು ಒಂದೇ ಸಂಜೆಯಲ್ಲಿ ಮುಗಿಸ್ತಾರೆ. ನನ್ನ ಪ್ರಕಾರ ಅದು ತಲೆಕೆಳಗು ಲೆಕ್ಕ. ಚಾಕುವನ್ನು ಸೊಂಟಕ್ಕೆ ಕಟ್ಟಿಕೊಂಡು ಜಾರಿ ಬಿದ್ದಾಗ ನಿಮ್ಮ ತೊಡೆಗೂ ಆ ಅಂಚಿಗೂ ನಡುವೆ ಇರೋದು ಒರೆ ಒಂದೇ.

ಚರ್ಮ ತರಕಾರಿ ಹದದ್ದೇ ಆಗಬೇಕು, ಅಂದ್ರೆ ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ್ದು. ಇದು ನಮಗೆ ಹೊಸತಲ್ಲ. ತಂಗಡಿ ಗಿಡದ ತೊಗಟೆಯಲ್ಲಿ ದಕ್ಷಿಣ ಭಾರತದ ಚರ್ಮವೆಲ್ಲ ಹದವಾಗುತ್ತಿದ್ದ ಕಾಲ ಇತ್ತು. ಕೊಲ್ಹಾಪುರಿ ಚಪ್ಪಲಿ ಅಂತೀವಲ್ಲ, ನಮ್ಮ ಅಥಣಿ, ನಿಪ್ಪಾಣಿ ಕಡೆಯೂ ಮಾಡುವಂಥದ್ದು, ಅದಕ್ಕೆ ಜಾಲಿ ತೊಗಟೆ, ಅಳಲೆಕಾಯಿ. ಕ್ರೋಮ್ ಹದದ ಚರ್ಮ ಅಗ್ಗ, ಮೆತ್ತಗೆ, ಬ್ಯಾಗಿಗೆ ಚೆನ್ನ. ಆದರೆ ನೆನೆಸಿ ಒತ್ತಿದರೆ ಆಕಾರ ಹಿಡಿಯಲ್ಲ, ಅದರಲ್ಲಿ ಉಳಿದ ಉಪ್ಪಿನಂಶ ಉಕ್ಕಿಗೆ ತುಕ್ಕು ತರುತ್ತೆ. ತರಕಾರಿ ಹದದ್ದು ಹಾಗಲ್ಲ. ನೆನೆದಾಗ ಜೇಡಿಮಣ್ಣು, ಒಣಗಿದಾಗ ಹಲಗೆ. ದಪ್ಪ 2ರಿಂದ 2.5 ಮಿಲಿಮೀಟರ್ ಸಾಕು.

ಇಲ್ಲಿಯ ಒರೆ ಚೀಲದ ಹಾಗೆ. ಅಲಗನ್ನಷ್ಟೇ ಅಲ್ಲ, ಹಿಡಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನೂ ನುಂಗುತ್ತೆ. ಗುಂಡಿ, ಪಟ್ಟಿ ಏನೂ ಬೇಡ, ಒತ್ತಿದರೆ ಕೂತುಬಿಡುತ್ತೆ. ಮೊದಲು ಅಲಗು ಇಳಿಯುವಷ್ಟು ಜಾಗ ಕೆತ್ತಿದ ಎರಡು ಮರದ ಚಕ್ಕೆ ಜೋಡಿಸಿ ಒಳಗೂಡು ಮಾಡಿ. ಅಂಚು ಚರ್ಮಕ್ಕೆ ತಾಗಲೇಬಾರದು, ತಾಗಿದರೆ ದಿನಾ ಸ್ವಲ್ಪ ಸ್ವಲ್ಪ ಹೊಲಿಗೆಯನ್ನು ಕೊಯ್ಯುತ್ತೆ. ತುದಿಯಲ್ಲಿ ನೀರು ಇಳಿಯೋಕೆ ಸಣ್ಣ ರಂಧ್ರ ಬಿಡಿ. ಆಮೇಲೆ ಚಾಕುವಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಒಳಗೂಡಿನಲ್ಲಿಟ್ಟು, ಅದರ ಮೇಲೆ ಕಾಗದ ಸುತ್ತಿ ಮಾದರಿ ಕತ್ತರಿಸಿಕೊಳ್ಳಿ. ಚರ್ಮವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೂ ನೆನೆಸಿ, ಹಿಂಬದಿಯಲ್ಲಿ ಅಂಚುಗಳು ಸೇರುವ ಹಾಗೆ ಬಿಗಿಯಾಗಿ ಸುತ್ತಿ, ಕ್ಲಿಪ್ ಹಾಕಿ. 4 ಮಿಲಿಮೀಟರಿಗೊಂದರಂತೆ ದಬ್ಬಣದಿಂದ ರಂಧ್ರ.

ಹೊಲಿಗೆಗೆ ಮೇಣ ಹಚ್ಚಿದ ಲಿನನ್ ದಾರ. ಹಿಂದೆ ಹಿಮಸಾರಂಗದ ನರವನ್ನೇ ಹುರಿ ಮಾಡಿ ಹೊಲಿಯುತ್ತಿದ್ದರು. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ, ಪ್ರತಿ ರಂಧ್ರದಲ್ಲೂ ಎರಡೂ ಸೂಜಿ ಎದುರುಬದುರಾಗಿ ದಾಟಬೇಕು. ದಾರದ ಉದ್ದ ಹೊಲಿಗೆಯ ಉದ್ದದ ಐದು ಪಟ್ಟು ಇಟ್ಟುಕೊಳ್ಳಿ. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೆ ಸಾಲು ಬಿಚ್ಚುತ್ತಾ ಹೋಗುತ್ತೆ. ಇದರಲ್ಲಿ ಒಂದು ಎಳೆ ಹೋದರೂ ಇನ್ನೊಂದು ಹಿಡಿದುಕೊಂಡಿರುತ್ತೆ. ಚರ್ಮ ಹಸಿಯಿರುವಾಗಲೇ ಹೊಲಿದು ಮುಗಿಸಿ, ಹಿಡಿಯ ಉಬ್ಬು-ತಗ್ಗಿನ ಮೇಲೆ ಮೂಳೆಯ ಚಕ್ಕೆಯಿಂದ ಒತ್ತಿ ಒತ್ತಿ ಆಕಾರ ಕೊಡಿ. ಆ ಒತ್ತಿನ ಅಂಚೇ ಮುಂದೆ ಚಾಕುವನ್ನು ಹಿಡಿದಿಡುವ ಬೀಗ. ಕೋಣೆಯ ಮೂಲೆಯಲ್ಲಿ ಎರಡು ದಿನ ಒಣಗಲಿ. ಹೀಟರ್ ಹತ್ತಿರ, ಒಲೆ ಹತ್ತಿರ ಇಟ್ಟರೆ ಹಪ್ಪಳವಾಗುತ್ತೆ. ಕೊನೆಗೆ ಜೇನುಮೇಣ.

ಅಂದ ಹಾಗೆ, ಇಷ್ಟು ಚೆಂದದ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಲೂಲಿಯೋ ಪೇಟೆಯಲ್ಲಿ ಓಡಾಡುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸಕಾರಣವಿಲ್ಲದೆ ಚಾಕು ಹೊರುವುದು ಸ್ವೀಡನ್ನಿನಲ್ಲಿ ಅಪರಾಧ. ಕಾಡಿಗೆ, ಮೀನಿಗೆ, ಕೆಲಸಕ್ಕೆ ಹೋಗುವಾಗ ಪರವಾಗಿಲ್ಲ.

ಈಗ ಅಪ್ಪನ ಚಾಕುವಿನ ವಿಷಯ. ಊರಿನಲ್ಲಿ ಅಪ್ಪನಿಗೆ ಅಡಿಕೆ ತೋಟ. ಬೆರಳಿನ ಗಂಟುಗಳು ಊದಿ, ಎರಡು ವರ್ಷದಿಂದ ಮುಷ್ಟಿ ಪೂರ್ತಿ ಮಡಚೋಕಾಗಲ್ಲ. ಕೊಕ್ಕೆಯಲ್ಲಿ ತೂಗುವ ಕತ್ತಿಯನ್ನು ಬಿಟ್ಟಾಯಿತು. ಮೆಣಸಿನ ಬಳ್ಳಿ ಕಟ್ಟುವ ಹಗ್ಗ ಕೊಯ್ಯೋಕೆ, ಎಲೆಯ ತೊಟ್ಟು ತೆಗೆಯೋಕೆ ಪೇಟೆಯ ಪ್ಲಾಸ್ಟಿಕ್ ಹಿಡಿಯ ಚಾಕು ತಂದರೆ ಅದು ಮಳೆಗೆ ಜಾರುತ್ತೆ. ಕೈಗೆ ಸರಿಯಾದ ಚಾಕು ಇಲ್ಲ ಅಂದ್ರೆ ತೋಟಕ್ಕೆ ಇಳಿಯೋದೇ ಕಡಿಮೆಯಾಯಿತು. ತೋಟಕ್ಕೆ ಇಳಿಯದ ಅಪ್ಪ ಹೇಗಿರ್ತಾರೆ ಅನ್ನೋದು ತೋಟದ ಮನೆಯವರಿಗೆ ಗೊತ್ತು.

ಕೊಂಬಿನ ಹಿಡಿಯದ್ದನ್ನು ಅವರಿಗೆ ಕೊಡುವ ಯೋಚನೆಯನ್ನೇ ನಾನು ಮಾಡಲಿಲ್ಲ. ಇದು ಹಿಮಸಾರಂಗದ್ದು, ಕಡವೆಯದ್ದಲ್ಲ ಅಂತ ವಿಮಾನ ನಿಲ್ದಾಣದಲ್ಲಿ ನಾನು ವಾದಿಸಬಹುದು. ಮಲೆನಾಡಿನ ಒಂದು ಚೆಕ್‌ಪೋಸ್ಟಿನಲ್ಲಿ ಅಪ್ಪ ಯಾಕೆ ವಾದಿಸಬೇಕು? ಅವರಿಗೆ ಮಾಡಿದ್ದು ಬರ್ಚ್ ತೊಗಟೆಯ ಹಿಡಿ. ಭೂರ್ಜಪತ್ರದ ಮೇಲೆ ಹಿಂದಿನವರು ಬರೀತಿದ್ದರು ಅಂತ ಕೇಳಿದ್ದೀವಲ್ಲ, ಅದೇ ಕುಲದ ಮರ. ತೊಗಟೆಯನ್ನು ಚೌಕ ಚೌಕ ಕತ್ತರಿಸಿ, ನೂರಕ್ಕೂ ಹೆಚ್ಚು ಚೂರುಗಳನ್ನು ಬಾಲಕ್ಕೆ ಪೋಣಿಸಿ, ಕ್ಲ್ಯಾಂಪಿನಲ್ಲಿ ಹಿಂಡಿ ಉಜ್ಜಿದರೆ ಚರ್ಮದ ಹಾಗೆ ಕಾಣುವ ಹಿಡಿಯಾಗುತ್ತೆ. ಸಹಜವಾಗಿಯೇ ನೀರು ಹೀರಲ್ಲ, ಕೊಳೆಯಲ್ಲ, ಒದ್ದೆ ಕೈಯಲ್ಲಿ ಕೊಂಬಿಗಿಂತ ಚೆನ್ನಾಗಿ ಕಚ್ಚುತ್ತೆ. ನನ್ನ ಹಿಡಿಯ ಹೊಟ್ಟೆ 27 ಮಿಲಿಮೀಟರ್, ಅವರದ್ದು 33. ಬೆರಳು ಮಡಚದ ಕೈಗೆ ದಪ್ಪ ಹಿಡಿಯೇ ಹಗುರ. ಅಳತೆಗೆ ಮೊದಲೇ ಊರಿಗೆ ಫೋನು ಮಾಡಿ, ಚಪಾತಿ ಹಿಟ್ಟಿನ ಉಂಡೆಯನ್ನು ಅಪ್ಪ ಮುಷ್ಟಿಯಲ್ಲಿ ಹಿಡಿದು ಬಿಟ್ಟ ಗುರುತಿನ ಫೋಟೋ ತರಿಸಿಕೊಂಡಿದ್ದೆ, ಪಕ್ಕದಲ್ಲಿ ಸ್ಕೇಲ್ ಇಟ್ಟು.

ಒರೆಯನ್ನೂ ಕೊಟ್ಟಿದ್ದೀನಿ, ಆದರೆ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಚಾಕುವನ್ನು ಅದರಲ್ಲಿ ಇಡಬೇಡಿ ಅಂತ ಹೇಳಿದ್ದೀನಿ. ನಮ್ಮ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತೆ, ತೇವದ ಒರೆಯೊಳಗೆ ಇಂಗಾಲದ ಉಕ್ಕು ಎರಡೇ ದಿನಕ್ಕೆ ಕೆಂಪಾಗುತ್ತೆ. ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಒಲೆಯ ಮೇಲಿನ ಅಟ್ಟದಲ್ಲಿ ಬರೀ ಚಾಕು ಇಡಬೇಕು. ಒರೆಯ ಬಾಯಿಗೆ ಅದೇ ಆಕಾರದ ಒಂದು ಮರದ ತುಂಡು ತುರುಕಿ ಬೇರೆ ಇಟ್ಟರೆ ಕುಗ್ಗಲ್ಲ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೋಡಿದರೆ ಒರೆಯಲ್ಲಿ ಅಪ್ಪನ ಅಡಕತ್ತರಿ ಕೂತಿತ್ತು. ಚಾಕು ತೋಟಕ್ಕೆ ಹೋಗಿತ್ತು.